‘ಮನಸ್ಸೇ ಬರ್ತಿಲ್ಲ’ ಎನ್ನುವವರಿಗೆ ದಿನಚರಿ ಹಾಕಿಕೊಡುವುದು: ಖಿನ್ನತೆ ಕುರಿತ ಟಿಪ್ಪಣಿ

ಖಿನ್ನತೆ ಇರುವವರು ‘ಖಿನ್ನತೆ’ ಎಂಬ ಪದ ಬಳಸುವುದು ಅಪರೂಪ. ಸುಸ್ತು, ಮೈಕೈ ನೋವು, ನಿದ್ದೆ ಇಲ್ಲ, ತಲೆ ಭಾರ ಎನ್ನುತ್ತಾರೆ. ಸ್ವಲ್ಪ ಹೊತ್ತು ಕೂತು ಕೇಳಿದರೆ ಆ ಮಾತು ಬರುತ್ತದೆ: ‘ಯಾವುದಕ್ಕೂ ಮನಸ್ಸೇ ಬರ್ತಿಲ್ಲ.’ ಮನಸ್ಸು ಬಂದ ಮೇಲೆ ಮಾಡೋಣ ಎಂದು ಅವರು ಕಾಯುತ್ತಾರೆ, ಕಾದಷ್ಟೂ ಅದು ದೂರ ಹೋಗುತ್ತದೆ. ಕೆಲಸ ಮೊದಲು, ಮನಸ್ಸು ಹಿಂದಿನಿಂದ ಬರುತ್ತದೆ ಎಂಬುದು ಇಲ್ಲಿ ಕಲಿಯಬೇಕಾದ ಮುಖ್ಯ ವಿಷಯ.

ಈ ವಿಧಾನದ ಹೆಸರು ಬಿಹೇವಿಯರಲ್ ಆಕ್ಟಿವೇಶನ್. ನಾವು ಚಟುವಟಿಕೆ ಚಿಕಿತ್ಸೆ ಎನ್ನೋಣ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ ಇದಕ್ಕೆ ತಳಹದಿ ಹಾಕಿದರು. ಇದರ ಹಿಂದಿನ ವಿಚಾರ ಇಷ್ಟು: ಬೇಸರದಿಂದ ಜನ ಒಂದೊಂದೇ ಕೆಲಸ ಬಿಡುತ್ತಾರೆ, ಬಿಟ್ಟ ಕೆಲಸದ ಜೊತೆ ಅದು ಕೊಡುತ್ತಿದ್ದ ಹಿತವೂ ಹೋಗುತ್ತದೆ, ಬೇಸರ ಇನ್ನಷ್ಟು ಗಟ್ಟಿಯಾಗುತ್ತದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರೇ 6ರಿಂದ 8 ಭೇಟಿಗಳಲ್ಲಿ ಈ ಚಿಕಿತ್ಸೆ ಕೊಟ್ಟು ಒಳ್ಳೆಯ ಫಲ ಕಂಡರು. ಈ ಚಿಕಿತ್ಸೆ ಕೊಡಲು ಕಲಿಯುತ್ತಿರುವ ನಮ್ಮಂತಹವರಿಗೆ ಇದು ದೊಡ್ಡ ಭರವಸೆ.

ಶುರು ಮಾಡುವ ಮುಂಚೆ, ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಮಾಡಿ. ಕಳೆದ 2 ವಾರಗಳ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ನೋಡಲೇಬೇಕು. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆಗಳೂ ಆಗಲಿ. ಇವು ಏರುಪೇರಾದರೂ ಹೀಗೇ ಸುಸ್ತಾಗುತ್ತದೆ. ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆಯಿಲ್ಲದೆ ಅತಿ ಹುಮ್ಮಸ್ಸಿನಲ್ಲಿ ಓಡಾಡಿ, ಹಣ ಚೆಲ್ಲಿದ್ದುಂಟೇ ಎಂದು ಮನೆಯವರನ್ನು ಕೇಳಿ. ಹೌದು ಎಂದರೆ ಅದು ಬೈಪೋಲಾರ್ (ಅತಿ ಹುಮ್ಮಸ್ಸು, ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ) ಇರಬಹುದು, ಅದರ ಮದ್ದೇ ಬೇರೆ.

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆಸಿ ಅಷ್ಟೆ. ಹಾಳೆಯಲ್ಲಿ ಗಂಟೆಗೊಂದು ಸಾಲು: ಏನು ಮಾಡುತ್ತಿದ್ದರು, ಮನಸ್ಸು 0ಯಿಂದ 10ರಲ್ಲಿ ಎಷ್ಟಿತ್ತು. ಹೀಗಿರುತ್ತದೆ ಒಂದು ಹಾಳೆ: ‘ಬೆಳಗ್ಗೆ 9: ಹಾಸಿಗೆಯಲ್ಲೇ, ಮೊಬೈಲ್, 2. ಸಂಜೆ 5: ಪಕ್ಕದ ಮನೆ ಮಗು ಬಂತು, ಇಬ್ಬರೂ ಬಾಳೆಹಣ್ಣು ತಿಂದ್ವಿ, 4.’ ಕೇಳಿದರೆ ‘ವಾರವಿಡೀ ಒಂದೇ ಥರ ಇತ್ತು’ ಎಂದೇ ಹೇಳುತ್ತಾರೆ. ಆಗ ಆ 2 ಮತ್ತು 4ರ ಮೇಲೆ ಬೆರಳಿಟ್ಟು ತೋರಿಸಿ. ಅವತ್ತಿನದು ಅವತ್ತೇ ಬರೆಯಬೇಕು. ಖಿನ್ನತೆಯಲ್ಲಿ ನೆನಪು ಕೆಟ್ಟದ್ದನ್ನೇ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಓದು ಬಾರದವರಿಗೆ ತುಂಬಿದ ಲೋಟ, ಅರೆ ಲೋಟ, ಖಾಲಿ ಲೋಟದ ಚಿತ್ರ ಸಾಕು.

ಎರಡನೇ ವಾರ ಎರಡು ಮೂರು ಕೆಲಸ ಆರಿಸಿ. ಹೆಚ್ಚಿನವರು ಇಲ್ಲೇ ಎಡವುವುದು: ‘ದಿನಾ 1 ಗಂಟೆ ವಾಕಿಂಗ್’ ಎಂದು ಬರೆದುಕೊಡುತ್ತಾರೆ, ಎರಡನೇ ದಿನ ಅದು ನಿಲ್ಲುತ್ತದೆ, ‘ನನ್ನ ಕೈಲಿ ಇಷ್ಟೂ ಆಗಲ್ಲ’ ಎಂಬ ಕೊರಗು ಹೊಸದಾಗಿ ಸೇರುತ್ತದೆ. ತೀರಾ ಕೆಟ್ಟ ದಿನದಲ್ಲೂ ಆಗುವಷ್ಟು ಚಿಕ್ಕದಿರಲಿ. ಸ್ನಾನವೇ ಬೆಟ್ಟವಾಗಿದ್ದರೆ ಅದನ್ನೂ ಒಡೆಯಿರಿ. ಮೊದಲ ದಿನ ಎದ್ದು ಟವೆಲ್ ಮತ್ತು ಬಟ್ಟೆ ಬಚ್ಚಲಲ್ಲಿ ಇಡುವುದು, ಮುಖ ತೊಳೆಯುವುದು. ಅಷ್ಟಾದರೆ ಅವತ್ತಿನ ಲೆಕ್ಕ ಮುಗಿಯಿತು. ಮರುದಿನ ಎರಡು ಚೊಂಬು ನೀರು. ರಂಗೋಲಿ ಬಿಟ್ಟವರು ನಾಲ್ಕು ಚುಕ್ಕಿಯಿಂದ ಶುರು ಮಾಡಲಿ. ನಡಿಗೆ ಗೇಟಿನ ತನಕ, ಆಮೇಲೆ ಬೀದಿ ತುದಿಯ ತನಕ, ಆಮೇಲೆ 10 ನಿಮಿಷ.

‘ಯಾವಾಗಲಾದರೂ ಮಾಡಿ’ ಎಂದರೆ ಆಗುವುದಿಲ್ಲ. ‘ಕಾಫಿ ಲೋಟ ತೊಳೆದಿಟ್ಟ ತಕ್ಷಣ’ ಎಂದು ನಿತ್ಯದ ಒಂದು ಕೆಲಸಕ್ಕೆ ಗಂಟು ಹಾಕಿ. ಬರೀ ಮನೆಗೆಲಸ ಆರಿಸುವುದೂ ತಪ್ಪು, ಗೃಹಿಣಿಯರ ಹಾಳೆಯಲ್ಲಿ ಇದು ತುಂಬಾ ಕಾಣುತ್ತದೆ. ಪಾತ್ರೆ ತೊಳೆದರೆ ಮುಗಿಸಿದ ತೃಪ್ತಿ ಸಿಗಬಹುದು, ಆದರೆ ಹಿತ ಕೊಡುವ ಒಂದು, ಇನ್ನೊಬ್ಬರ ಮುಖ ನೋಡುವ ಒಂದು ಇರಲೇಬೇಕು. ಸ್ವಲ್ಪ ಚೆನ್ನಾಗಿರುವ ದಿನ ಬಾಕಿ ಕೆಲಸವನ್ನೆಲ್ಲಾ ಎಳೆದುಕೊಂಡು ಮೂರು ದಿನ ಮಲಗುವವರಿಗೆ ‘ಇಷ್ಟಕ್ಕಿಂತ ಹೆಚ್ಚು ಬೇಡ’ ಎಂಬ ಮಿತಿಯನ್ನೂ ಬರೆದುಕೊಡಿ. ಹಾಳೆ ಖಾಲಿ ಬಂದರೆ ಬೈಯಬೇಡಿ, ಕೆಲಸವನ್ನು ಅರ್ಧಕ್ಕೆ ಇಳಿಸಿ. ಮನೆಯವರ ‘ಮನಸ್ಸು ಗಟ್ಟಿ ಮಾಡ್ಕೋ’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ, ಕೇಳುವವರಿಗೆ ಮಾತ್ರ ತಪ್ಪು ತಮ್ಮದೇ ಎನ್ನಿಸುತ್ತದೆ. ‘ಬಾ, ಗೇಟಿನ ತನಕ ಹೋಗಿ ಬರೋಣ’ ಎಂದು ಜೊತೆಗೆ ಎದ್ದು ನಿಲ್ಲುವುದನ್ನು ಅವರಿಗೆ ಹೇಳಿಕೊಡಿ.

ವೈದ್ಯರು ಖಿನ್ನತೆಗೆ ಮಾತ್ರೆ ಕೊಟ್ಟಿದ್ದರೆ ಒಂದು ವಿಷಯ ಮೊದಲೇ ತಿಳಿಸಬೇಕು. ಗುಣ ಕಾಣಲು 2ರಿಂದ 4 ವಾರ ಹಿಡಿಯುತ್ತದೆ. ಹೊಟ್ಟೆ ತೊಳಸುವುದು, ತಲೆನೋವು ಮೊದಲ ವಾರವೇ ಬರಬಹುದು. ಜನ ಮಾತ್ರೆ ಬಿಡುವುದು ಈ ನಡುವಿನ ದಿನಗಳಲ್ಲೇ. ಗುಣವಾದ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸುತ್ತಾರೆ, ನಿಲ್ಲಿಸುವಾಗ ವೈದ್ಯರೇ ನಿಧಾನವಾಗಿ ಇಳಿಸುತ್ತಾರೆ.

ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅಲ್ಲಿ 1 ಅಂಕ ಬಿದ್ದರೂ ಮುಂದಕ್ಕೆ ಕೇಳಿ: ಹೇಗೆ, ಯಾವಾಗ ಎಂದು ಯೋಚಿಸಿದ್ದೀರಾ? ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಬೇಡ. ಕೇಳಿದ್ದಕ್ಕೆ ಹಗುರಾದವರೇ ಹೆಚ್ಚು. ಯೋಜನೆ ಇದೆ ಎಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ರೈತರ ಮನೆಯಾದರೆ ಬೆಳೆಗೆ ಹೊಡೆಯುವ ಔಷಧಿ ಎಲ್ಲಿದೆ ಎಂದು ಕೇಳಿ, ಬೀಗ ಹಾಕಿ ಕೀಲಿ ಬೇರೆಯವರ ಕೈಗೆ ಕೊಡಿಸಿ. ಮನೆಯಿಂದಲೇ ಸಾಗಿಸಿದರೆ ಇನ್ನೂ ಒಳ್ಳೆಯದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಚೀಟಿಯಲ್ಲಿ ಬರೆದುಕೊಟ್ಟರೆ ಕಳೆದುಹೋಗುತ್ತದೆ, ನಿಮ್ಮೆದುರಿಗೇ ಅವರ ಮೊಬೈಲಿನಲ್ಲೂ ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಸೇವ್ ಮಾಡಿಸಿ.