ಡೀಸೆಲ್ ಉಳಿಸುವ ಸಾಧನ, ಮಾಷ್ಟ್ರ ಶೇರು, ಶೆಟ್ರ ಪುಸ್ತಕ

ಜುಲೈ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಆಫೀಸಿಗೆ ಬರುವವರೆಲ್ಲ ತೆರಿಗೆ ರಿಟರ್ನ್ ಹಿಡಿದುಕೊಂಡೇ ಬರುತ್ತಾರೆ. ಈ ಸಲ ನಿವೃತ್ತ ಮಾಷ್ಟ್ರೊಬ್ಬರು ಪಿಂಚಣಿ ಕಾಗದದ ಜೊತೆ ಮೊಬೈಲನ್ನೂ ಮುಂದಿಟ್ಟರು. ಒಂದು ಸಣ್ಣ ಕಂಪನಿಯ ಶೇರು. 22 ರೂಪಾಯಿಗೆ ಕೊಂಡದ್ದು 61 ಆಗಿತ್ತು. ಬಸ್ಸು, ಲಾರಿಗಳ ಎಂಜಿನ್‌ಗೆ ಜೋಡಿಸುವ ಒಂದು ಸಾಧನ ಆ ಕಂಪನಿಯದ್ದು. ಅದನ್ನು ಹಾಕಿದರೆ ಡೀಸೆಲ್ ಶೇ. 30 ಉಳಿಯುತ್ತದೆ ಅಂತ ಕಂಪನಿ ಹೇಳುತ್ತದೆ. ಮಾಷ್ಟ್ರು ಎರಡು ಲಕ್ಷ ಹಾಕಿದ್ದರು. ದುಬೈಯಲ್ಲಿರುವ ಮಗಳು ಇನ್ನೂ ನಾಲ್ಕು ಲಕ್ಷ ಕಳಿಸಲು ತಯಾರಿದ್ದಳು.

ಪಕ್ಕದ ಕುರ್ಚಿಯಲ್ಲಿ ಲೆಕ್ಕ ಕೊಡಲು ಬಂದಿದ್ದ ಬಸ್ ಮಾಲಕರು ಶೆಟ್ರು ಕೂತಿದ್ದರು. ಅವರಿಗೆ ಕೇಳಿ ಸುಮ್ಮನಿರಲು ಆಗಲಿಲ್ಲ. "ಮಾಷ್ಟ್ರೇ, ಅದೆಲ್ಲ ಸುಮ್ನೆ. ನಾನು ಇಂಥದ್ದೊಂದು ಹಾಕಿ ನೋಡಿದವ."

ಶೆಟ್ರ ಹತ್ತಿರ ಒಂದು ಉದ್ದ ನೋಟ್‌ಬುಕ್ ಇದೆ. ಪ್ರತಿ ದಿನ ಎಷ್ಟು ಕಿಲೋಮೀಟರ್, ಎಷ್ಟು ಲೀಟರ್, ಯಾವ ಡ್ರೈವರ್, ಎಲ್ಲ ಅದರಲ್ಲಿದೆ. ಹಳೆಯ ಪುಸ್ತಕಗಳು ಆಡಿಟ್‌ಗೆ ಅಂತ ನನ್ನ ಕಪಾಟಿನಲ್ಲೇ ಇವೆ. ತೆಗೆದು ನೋಡಿದೆವು. ಡೀಸೆಲ್ ಪೈಪಿಗೆ ಮ್ಯಾಗ್ನೆಟ್ ಕಟ್ಟಿಸಿದ ಮೊದಲ ವಾರ ಲೀಟರಿಗೆ 4.4 ಕಿಲೋಮೀಟರ್ ಬಂದಿತ್ತು. ಅದಕ್ಕೆ ಮೊದಲು 4.0 ಇತ್ತು. ಮೂರನೇ ವಾರ 4.1. ಎರಡನೇ ತಿಂಗಳು ಮತ್ತೆ 4.0. ಮ್ಯಾಗ್ನೆಟ್ ಅಲ್ಲೇ ಇತ್ತು. ಮಾಲಕರು ನೋಡುತ್ತಿದ್ದಾರೆ ಅಂತ ಡ್ರೈವರ್ ಮೊದಲ ವಾರ ಮೆಲ್ಲ ಓಡಿಸಿದ್ದ, ಅಷ್ಟೇ.

ಇಂಥ ಸಾಧನದ ಮೇಲೆ ನಮ್ಮ ಕಡೆಯವರಿಗೆ ಆಸೆ ಹುಟ್ಟುವುದು ಸಹಜ. ಕೇರಳದಲ್ಲಿ ಡೀಸೆಲ್‌ಗೆ ಕರ್ನಾಟಕಕ್ಕಿಂತ ಜಾಸ್ತಿ ಕೊಡಬೇಕು. ಮಂಗಳೂರು ಕಡೆ ಹೋದವರು ಗಡಿಯಲ್ಲಿರುವ ತಲಪಾಡಿ ದಾಟಿದ ಮೇಲೆ ಟ್ಯಾಂಕ್ ತುಂಬಿಸಿಕೊಂಡೇ ವಾಪಸ್ ಬರುವುದು. ಲೀಟರಿಗೆ ನಾಲ್ಕಾರು ರೂಪಾಯಿ ಉಳಿಸಲು ಇಷ್ಟು ಲೆಕ್ಕ ಹಾಕುವವರಿಗೆ ಶೇ. 30 ಅಂದರೆ ಕಿವಿ ನೆಟ್ಟಗಾಗದೆ ಇರುತ್ತದೆಯೇ?

ಆದರೆ ಎಂಜಿನ್ ಒಳಗೆ ಅಷ್ಟು ಉಳಿತಾಯಕ್ಕೆ ಜಾಗ ಇಲ್ಲ. ಇಂಥ ಸಾಧನ ಮಾರುವವರು ಹೆಚ್ಚಾಗಿ "ಇಂಧನ ಪೂರ್ತಿ ಉರಿಯುವ ಹಾಗೆ ಮಾಡುತ್ತೇವೆ" ಅನ್ನುತ್ತಾರೆ. ಸರಿಯಾಗಿರುವ ಡೀಸೆಲ್ ಎಂಜಿನ್‌ನಲ್ಲಿ ನೂರಕ್ಕೆ 98 ಪಾಲಿಗಿಂತ ಹೆಚ್ಚು ಇಂಧನ ಈಗಲೇ ಉರಿಯುತ್ತಿದೆ. ಉರಿಯದೆ ಉಳಿದದ್ದನ್ನೆಲ್ಲ ಉರಿಸಿದರೂ ಸಿಗುವುದು ಒಂದೆರಡು ಪಾಲು. ದೊಡ್ಡ ನಷ್ಟ ಆಗುವುದು ಶಾಖದಲ್ಲಿ, ರೇಡಿಯೇಟರಿನಿಂದಲೂ ಸೈಲೆನ್ಸರಿನಿಂದಲೂ. ಪೈಪಿಗೆ ಕಟ್ಟಿದ ವಸ್ತು ಅದನ್ನು ತಡೆಯುವುದಿಲ್ಲ. ನೀರಿನಿಂದ ಹೈಡ್ರೋಜನ್ ಮಾಡುವ ಕಿಟ್‌ಗೆ ಕರೆಂಟ್ ಬರುವುದು ಆಲ್ಟರ್ನೇಟರಿನಿಂದ. ಆಲ್ಟರ್ನೇಟರ್ ತಿರುಗುವುದು ಅದೇ ಡೀಸೆಲ್‌ನಿಂದ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ನೂರಕ್ಕೂ ಹೆಚ್ಚು ಇಂಥ ಸಾಧನಗಳನ್ನು ಪರೀಕ್ಷಿಸಿದೆ. ತುಸುವಾದರೂ ಪ್ರಯೋಜನ ಕಂಡದ್ದು ಬೆರಳೆಣಿಕೆಯವುಗಳಲ್ಲಿ ಮಾತ್ರ.

ಮಾಷ್ಟ್ರು ಒಪ್ಪಲಿಲ್ಲ. ಅವರ ಮಾತಿನಲ್ಲಿ ತೂಕ ಇತ್ತು. "1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೋ ಶುರುವಾದಾಗ ನನ್ನ ಅಪ್ಪ ಶೇರು ಹಾಕಿದವರು. ಆಗಲೂ ನಗಾಡಿದವರಿದ್ದರು. ನಂಬುವವರೇ ಇಲ್ಲದಿದ್ದರೆ ಹೊಸತು ಹುಟ್ಟುವುದು ಹೇಗೆ?"

ಅದು ನಿಜ. ಆದರೆ ಕ್ಯಾಂಪ್ಕೋಗೆ ಶೇರು ಹಾಕಿದವರು ತಕ್ಕಡಿಯ ಹತ್ತಿರವೇ ನಿಂತಿದ್ದರು. ಅಡಿಕೆ ಒಳಗೆ ಹೋಯಿತೇ, ದುಡ್ಡು ಹೊರಗೆ ಬಂತೇ ಅಂತ ಕಣ್ಣಾರೆ ನೋಡಬಹುದಿತ್ತು. ಈ ಕಂಪನಿಯಲ್ಲೂ ನೋಡಬೇಕಾದದ್ದು ಅದನ್ನೇ. ಸಾಧನ ಕೆಲಸ ಮಾಡುತ್ತದೋ ಇಲ್ಲವೋ ಎಂಬ ವಾದ ನನ್ನ ಆಫೀಸಿನಲ್ಲಿ ಸಂಜೆಯವರೆಗೆ ನಡೆದರೂ ಮುಗಿಯದು. ಕಂಪನಿಗೆ ದುಡ್ಡು ಯಾರಿಂದ ಬರುತ್ತಿದೆ, ಸಾಧನ ಕೊಂಡವರಿಂದಲೋ ಶೇರು ಕೊಂಡವರಿಂದಲೋ? ಇದಕ್ಕೆ ಉತ್ತರ ಅಚ್ಚಾಗಿದೆ. ಮುಂಬೈ ಶೇರುಪೇಟೆ ಬಿಎಸ್‌ಇಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದಬಹುದು.

ವಾರ್ಷಿಕ ವರದಿ ತೆಗೆದು ನಗದು ಹರಿವಿನ ಪಟ್ಟಿಯ ಪುಟವನ್ನು ಪ್ರಿಂಟ್ ಹಾಕಿದೆ. ಪೆನ್ಸಿಲ್ ಮಾಷ್ಟ್ರ ಕೈಗೇ ಕೊಟ್ಟೆ. ಪಟ್ಟಿಯಲ್ಲಿ ಮೂರು ಭಾಗ ಇರುತ್ತದೆ. ಮೊದಲನೆಯದು ವ್ಯವಹಾರದಿಂದ ಬಂದ ಹಣ. ಮೂರು ವರ್ಷವೂ ಅಲ್ಲಿ ಬ್ರಾಕೆಟ್ ಇತ್ತು, ಅಂದರೆ ಹಣ ಹೊರಗೆ ಹೋಗಿದೆ. ಕೊನೆಯದು ಬಂಡವಾಳದಿಂದ ಬಂದ ಹಣ. ಮೂರು ವರ್ಷವೂ ಅಲ್ಲಿ ದೊಡ್ಡ ಮೊತ್ತ ಇತ್ತು. ಎಲ್ಲವೂ ಆಯ್ದ ಕೆಲವರಿಗೆ ಶೇರು, ವಾರಂಟ್ (ಮುಂದೆ ಗೊತ್ತಾದ ಬೆಲೆಗೆ ಶೇರು ಪಡೆಯುವ ಹಕ್ಕು) ಕೊಟ್ಟು ಎತ್ತಿದ್ದು.

"ಆದರೆ ಲಾಭ ತೋರಿಸಿದ್ದಾರಲ್ಲ?" ಅಂತ ಮಾಷ್ಟ್ರು ಕೇಳಿದರು. ಲಾಭ ಬಂದ ದಾರಿ ಟಿಪ್ಪಣಿಗಳಲ್ಲಿ ಸಿಕ್ಕಿತು. ಎಂಜಿನಿಯರುಗಳ ಸಂಬಳವನ್ನು ಖರ್ಚಿಗೆ ಬರೆದಿರಲಿಲ್ಲ. ಅದು 'ಅಭಿವೃದ್ಧಿಯಾಗುತ್ತಿರುವ ಅಮೂರ್ತ ಆಸ್ತಿ' ಎಂಬ ಹೆಸರಿನಲ್ಲಿ ಆಸ್ತಿಯ ಸಾಲಿಗೆ ಹೋಗಿತ್ತು. ಇಂಡ್ ಎಎಸ್ 38 ಎಂಬ ಲೆಕ್ಕದ ನಿಯಮ ಇದನ್ನು ಕೆಲವು ಷರತ್ತುಗಳ ಮೇಲೆ ಒಪ್ಪುತ್ತದೆ. ಸಂಶೋಧನೆಯ ಹಂತದ ಖರ್ಚನ್ನು ಖರ್ಚೆಂದೇ ಬರೆಯಬೇಕು. ವಸ್ತು ತಯಾರಾಗುತ್ತದೆ, ಮಾರಾಟವಾಗುತ್ತದೆ ಅಂತ ತೋರಿಸಲು ಸಾಧ್ಯವಾದ ಮೇಲೆ ಮಾತ್ರ ಅದು ಆಸ್ತಿ. ಈ ಕಂಪನಿ ಅದನ್ನು ತೋರಿಸಿದೆ ಅಂತ ನನಗೆ ಅನ್ನಿಸಲಿಲ್ಲ. ಮಾರಾಟದ ಮೊತ್ತದಲ್ಲೂ ಬಹುಪಾಲು 'ಬರಬೇಕಾದ ಬಾಕಿ'ಯಲ್ಲೇ ಕೂತಿತ್ತು.

ವಾರಂಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ಜಾಸ್ತಿ ತಪ್ಪು ತಿಳಿಯುವುದು ಇಲ್ಲೇ. "ಪ್ರವರ್ತಕರೇ (ಅಂದರೆ ಕಂಪನಿ ಕಟ್ಟಿ ನಡೆಸುವವರೇ) ದುಡ್ಡು ಹಾಕುತ್ತಿದ್ದಾರೆ" ಅಂತ ಸುದ್ದಿ ಬರುತ್ತದೆ. ನಮ್ಮ ಶೇರುಪೇಟೆ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ವಾರಂಟ್ ತೆಗೆದುಕೊಳ್ಳುವಾಗ ಶೇ. 25 ಕೊಟ್ಟರೆ ಸಾಕು. ಉಳಿದದ್ದಕ್ಕೆ 18 ತಿಂಗಳ ಸಮಯ ಇದೆ. ಬೆಲೆ ಏರಿದರೆ ಪೂರ್ತಿ ಕೊಟ್ಟು ಶೇರು ಪಡೆಯಬಹುದು. ಬಿದ್ದರೆ ಆ 25ನ್ನು ಬಿಟ್ಟು ಹೋಗಬಹುದು. ಆದ್ದರಿಂದ ವಾರಂಟ್ ಸುದ್ದಿ ಬಂದ ಕೂಡಲೇ ಕೊಳ್ಳಲು ಓಡಬೇಡಿ ಅಂತ ನನ್ನ ಹತ್ತಿರ ಬರುವ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ.

ವ್ಯವಹಾರದಿಂದ ಹಣ ಬರದ ಕಂಪನಿ ಎಷ್ಟು ವರ್ಷ ಎಳೆಯಬಹುದು? ಅಮೆರಿಕದಲ್ಲಿ ಸೇವ್ ದ ವರ್ಲ್ಡ್ ಏರ್ ಅಂತ ಒಂದು ಕಂಪನಿ ಇತ್ತು. ಇಂಧನ ಉಳಿಸಿ ಹೊಗೆ ನಿಲ್ಲಿಸುವ ಸಾಧನ ಅಂತ ಶೇರು ಮಾರಿತು. 2001ರಲ್ಲಿ ಅಲ್ಲಿನ ಶೇರುಪೇಟೆ ನಿಯಂತ್ರಕ ಎಸ್‌ಇಸಿ ಸುಳ್ಳು ಪ್ರಚಾರದ ಮೇಲೆ ಕೇಸು ಹಾಕಿತು. ಕಂಪನಿ ಅಲ್ಲಿಗೆ ಮುಗಿಯಲಿಲ್ಲ. ಬೇರೆಯವರ ಕೈಗೆ ಹೋಯಿತು, ವಾಹನ ಬಿಟ್ಟು ಕಚ್ಚಾತೈಲದ ಪೈಪ್‌ಲೈನ್ ಕಡೆ ತಿರುಗಿತು. 2015ರಲ್ಲಿ ಹೆಸರನ್ನೂ ಕ್ಯೂಎಸ್ ಎನರ್ಜಿ ಅಂತ ಬದಲಿಸಿತು.

ಪ್ರಾಮಾಣಿಕ ಪ್ರಯತ್ನಗಳೂ ಇವೆ. 2010ರಲ್ಲಿ ಪುಣೆಯ ಸಾಫ್ಟ್‌ವೇರ್ ಕಂಪನಿ ಕೆಪಿಐಟಿ ಕಮಿನ್ಸ್ ಭಾರತ್ ಫೋರ್ಜ್ ಜೊತೆ ಸೇರಿ ರೆವೋಲೊ ಎಂಬ ಹೈಬ್ರಿಡ್ ಕಿಟ್ ತೋರಿಸಿತು. ಅದರಲ್ಲಿ ಮೋಟಾರು, ಬ್ಯಾಟರಿ ಇದ್ದವು, ಉಳಿತಾಯಕ್ಕೆ ಕಾರಣ ಇತ್ತು. ಆದರೂ ಆ ಕಿಟ್ ನಮ್ಮ ರಸ್ತೆಯ ಕಾರುಗಳಿಗೆ ಬಂದು ಸೇರಲಿಲ್ಲ. ಕಂಪನಿ ಉಳಿದದ್ದು ಬೇರೆ ಕಡೆ ಸಾಫ್ಟ್‌ವೇರ್ ಗಿರಾಕಿಗಳು ಇದ್ದುದರಿಂದ. ಮಾಷ್ಟ್ರ ಕಂಪನಿಗೆ ಅಂಥ ಎರಡನೇ ಕಾಲು ಇಲ್ಲ.

"ಬೀಳಲು ಶುರುವಾದರೆ ಮಾರಿಬಿಡುತ್ತೇನೆ" ಅಂದರು ಮಾಷ್ಟ್ರು. ಅವರ ಶೇರಿಗೆ ದಿನಕ್ಕೆ ಶೇ. 5ರ ಮಿತಿ ಇದೆ, ಒಂದು ದಿನದಲ್ಲಿ ಬೆಲೆ ಅದಕ್ಕಿಂತ ಹೆಚ್ಚು ಏರುವಂತಿಲ್ಲ, ಇಳಿಯುವಂತಿಲ್ಲ. ಕೆಳಗಿನ ಮಿತಿಗೆ ಮುಟ್ಟಿದ ದಿನ ಮಾರುವವರೇ ತುಂಬಿರುತ್ತಾರೆ, ಕೊಳ್ಳುವವರು ಇರುವುದಿಲ್ಲ. ಹಾಗೆ ಹತ್ತು ದಿನ ಬಿದ್ದರೆ 100 ರೂಪಾಯಿ 60 ಆಗುತ್ತದೆ. ಆ ಹತ್ತು ದಿನವೂ ಆರ್ಡರ್ ಹಾಕಿ ಕಾಯುತ್ತ ಕೂರಬೇಕು.

ಆ ದಿನ ಅವರು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಮಾರಿದರು. ಹಾಕಿದ ಎರಡು ಲಕ್ಷ ಕೈಗೆ ಬಂತು. ಕೊಂಡು ವರ್ಷ ಆಗಿರಲಿಲ್ಲ, ಹಾಗಾಗಿ ಲಾಭದ ಮೇಲೆ ಶೇ. 20 ತೆರಿಗೆ ಇದೆ ಅಂತಲೂ ಬರೆದುಕೊಟ್ಟೆ. ಉಳಿದದ್ದು ಇರಲಿ ಅಂದರು. ಹೋಗುವ ಮೊದಲು ಶೆಟ್ರ ಹತ್ತಿರ ಕೇಳಿದರು: "ಕಂಪನಿಯವರು ಒಂದು ಸಾಧನ ಪುಕ್ಕಟೆ ಕೊಟ್ಟರೆ ಬಸ್ಸಿಗೆ ಹಾಕುತ್ತೀರಾ?"

"ಧಾರಾಳ ಹಾಕುವ. ಡ್ರೈವರಿಗೆ ಹೇಳಬಾರದು, ಅಷ್ಟೇ."

ಅಲ್ಲೇ ಕೂತು ಮಾಷ್ಟ್ರು ಕಂಪನಿಗೆ ಈಮೇಲ್ ಬರೆದರು. ಉತ್ತರ ಬರಲಿಲ್ಲ. ಮೊನ್ನೆ ಜೂನ್ ತ್ರೈಮಾಸಿಕದ ಶೇರುದಾರರ ಪಟ್ಟಿ ಬಂತು. ತ್ರೈಮಾಸಿಕ ಮುಗಿದು 21 ದಿನದೊಳಗೆ ಕಂಪನಿ ಅದನ್ನು ಕೊಡಲೇಬೇಕು. ಇಬ್ಬರೂ ಸೇರಿ ನೋಡಿದೆವು. ಪ್ರವರ್ತಕರ ಪಾಲು ಶೇ. 41ರಿಂದ 34ಕ್ಕೆ ಇಳಿದಿತ್ತು. ಹೊಸ ಶೇರು ಕೊಟ್ಟದ್ದರಿಂದ ಪಾಲು ಕಡಿಮೆ ಕಾಣುತ್ತಿರಬಹುದು ಅಂತ ಅವರ ಶೇರುಗಳ ಸಂಖ್ಯೆಯನ್ನೂ ನೋಡಿದೆ. ಅದೂ ಇಳಿದಿತ್ತು. ಮಾಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ದುಬೈಗೆ ಫೋನ್ ಮಾಡಿದರು. "ಮಗಾ, ಆ ದುಡ್ಡು ಕಳಿಸಬೇಡ."