ಲಾನಿನ ತಗ್ಗು ತುಂಬುವಾಗ ಹುಲ್ಲಿನ ತುದಿ ಕಾಣುತ್ತಿರಲಿ

ಲಾನಿನಲ್ಲಿ ತಗ್ಗು ಎಲ್ಲಿದೆ ಎಂದು ತಿಳಿಯಲು ಜೋರು ಮಳೆ ಬಿಟ್ಟು ಒಂದು ಗಂಟೆಯಾದ ಮೇಲೆ ಹೋಗಿ ನೋಡಿದರೆ ಸಾಕು. ಬೇರೆಡೆ ಇಂಗಿಹೋದ ನೀರು ತಗ್ಗಿನಲ್ಲಿ ಇನ್ನೂ ನಿಂತಿರುತ್ತದೆ. ಅದರ ಅಂಚಿಗೆ ಸಣ್ಣ ಗೂಟ ಚುಚ್ಚಿ ಗುರುತು ಮಾಡಿಕೊಳ್ಳಿ. ಮಳೆಯಿಲ್ಲದ ಕಾಲವಾದರೆ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ, ಎರಡು ಮೀಟರ್ ಉದ್ದದ ನೇರ ಪಟ್ಟಿಯೊಂದನ್ನು ನೆಲದ ಮೇಲೆ ಇಡುತ್ತಾ ಹೋಗಿ. ಪಟ್ಟಿಯ ಅಡಿಯಲ್ಲಿ ಬೆಳಕು ಕಂಡ ಕಡೆ ಸ್ಕೇಲು ಇಳಿಸಿ ಆಳ ಅಳೆದು ಬರೆದಿಟ್ಟುಕೊಳ್ಳಿ. ಮುಂದಿನ ಕೆಲಸ ಯಾವುದು ಎಂಬುದನ್ನು ಈ ಅಳತೆಯೇ ಹೇಳುತ್ತದೆ: ಸುಮಾರು 3 ಸೆಂ.ಮೀ.ವರೆಗಿನ ತಗ್ಗನ್ನು ಮೇಲಿನಿಂದ ತುಂಬಬಹುದು, ಅದಕ್ಕಿಂತ ಆಳವಾಗಿದ್ದರೆ ಹುಲ್ಲಿನ ಪದರವನ್ನೇ ಎತ್ತಬೇಕಾಗುತ್ತದೆ.

ಅಂದಹಾಗೆ, ಲಾನ್ ಪೂರ್ತಿ ಮಟ್ಟವಾಗಿ, ರಸಮಟ್ಟದ ಗುಳ್ಳೆ ನಟ್ಟನಡುವೆ ನಿಲ್ಲಬೇಕೆಂಬ ಹಟ ಬೇಡ. ಅಂಥ ಲಾನಿನಲ್ಲಿ ಮಳೆನೀರಿಗೆ ಹೋಗಲು ದಾರಿಯೇ ಇರುವುದಿಲ್ಲ. ಕಟ್ಟಡದ ಗೋಡೆಯಿಂದ ಆಚೆಗೆ ಪ್ರತಿ ಮೀಟರಿಗೆ 1ರಿಂದ 2 ಸೆಂ.ಮೀ. ಇಳಿಜಾರು ಇರಲಿ. ಅಷ್ಟು ಇಳಿಜಾರು ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಮಾತ್ರ ಗೊತ್ತಾಗುತ್ತದೆ. ನಾವು ತೆಗೆಯಬೇಕಾದದ್ದು ಆ ಇಳಿಜಾರಿನ ಮೇಲಿರುವ ಉಬ್ಬುತಗ್ಗುಗಳನ್ನು. ತಗ್ಗಿನಲ್ಲಿ ನೀರು ನಿಂತು ಬೇರಿಗೆ ಗಾಳಿ ಸಿಗುವುದಿಲ್ಲ. ಉಬ್ಬಿನ ಮೇಲೆ ಹಾಯುವಾಗ ಹುಲ್ಲು ಕತ್ತರಿಸುವ ಯಂತ್ರದ (ಮೂವರ್) ಬ್ಲೇಡು ಹುಲ್ಲನ್ನು ಬುಡದವರೆಗೆ ಹೆರೆದು ಬೋಳು ಮಾಡುತ್ತದೆ.

ತುಂಬುವ ಮೊದಲು ನೆಲ ಯಾಕೆ ಕುಸಿಯಿತು ಎಂದು ಯೋಚಿಸಿ. ಪೈಪು ಹಾಕಲು ತೋಡಿದ ಕಾಲುವೆಯನ್ನು ಸರಿಯಾಗಿ ಧಮ್ಮಸ್ಸು ಮಾಡದೆ ಮುಚ್ಚಿದ್ದರೆ ನೇರ ಗೆರೆಯಂಥ ತಗ್ಗು ಕಾಣುತ್ತದೆ. ಕಡಿದ ಮರದ ಬುಡ ನೆಲದೊಳಗೆ ಕೊಳೆಯುತ್ತಿದ್ದರೆ ದುಂಡನೆಯ ಗುಂಡಿ ವರ್ಷದಿಂದ ವರ್ಷಕ್ಕೆ ಆಳವಾಗುತ್ತದೆ. ಜನ ದಿನವೂ ಓಡಾಡುವ ಜಾಡು ಒತ್ತಿಕೊಂಡು ಇಳಿಯುತ್ತದೆ. ಇಡೀ ಲಾನಿನ ತುಂಬ ಸಣ್ಣ ಸಣ್ಣ ಗುಬ್ಬಟೆಗಳಿದ್ದರೆ ಎರೆಹುಳುವಿನ ಹಿಕ್ಕೆ ಇರಬಹುದು. ಅದು ಮಣ್ಣು ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷಿ. ಒಣಗಿದಾಗ ಪೊರಕೆಯಿಂದ ಗುಡಿಸಿ ಹರಡಿಬಿಡಿ, ಹುಳುವನ್ನು ಕೊಲ್ಲುವ ಔಷಧಿ ಹಾಕಬೇಡಿ.

ಈಗ ಮುಖ್ಯ ವಿಷಯ. ತಗ್ಗು ಕಂಡ ಕೂಡಲೇ ಒಂದು ಗಾಡಿ ಮಣ್ಣು ತರಿಸಿ ಒಂದೇ ಸಲ ಸುರಿದು ಸಮ ಮಾಡುವುದು ಎಲ್ಲರೂ ಮಾಡುವ ತಪ್ಪು. ಹುಲ್ಲಿಗೆ ಆಹಾರ ತಯಾರಾಗುವುದು ಎಲೆಯಲ್ಲಿ. ಎಲೆ ಪೂರ್ತಿ ಮುಚ್ಚಿಹೋದರೆ ಬುಡದಲ್ಲಿ ಕೂಡಿಟ್ಟ ಪಿಷ್ಟ ಮತ್ತು ಸಕ್ಕರೆ ಖರ್ಚಾಗುವವರೆಗೆ ಮಾತ್ರ ಅದು ಮೇಲೆ ಬರಲು ಹೆಣಗುತ್ತದೆ. ಅಷ್ಟರಲ್ಲಿ ಬೆಳಕು ಸಿಗದಿದ್ದರೆ ಕೊಳೆಯುತ್ತದೆ. ಎಲೆಯ ತುದಿ ಹೊರಗಿದ್ದರೆ ಮಾತ್ರ ಆಹಾರ ತಯಾರಿಕೆ ನಿಲ್ಲುವುದಿಲ್ಲ. ಹುಲ್ಲಿನ ಎಲೆ ತುದಿಯಿಂದ ಬೆಳೆಯುವುದಿಲ್ಲ, ಬುಡದಿಂದ ಬೆಳೆದು ಮೇಲಕ್ಕೆ ತಳ್ಳಲ್ಪಡುತ್ತದೆ. ಹಾಗಾಗಿ ಮರಳಿನ ಪದರದ ನಡುವೆ ಅದು ಸಲೀಸಾಗಿ ಏರುತ್ತದೆ. ಗರಿಕೆಯಂಥ ಹಬ್ಬುವ ಹುಲ್ಲಾದರೆ ಕಾಂಡದ ಗಿಣ್ಣುಗಳೇ ಹೊಸ ಪದರದಲ್ಲಿ ಬೇರು ಬಿಡುತ್ತವೆ. ಕೆಲವೇ ವಾರಗಳಲ್ಲಿ ನೆಲದ ಮಟ್ಟ ಮೇಲೇರಿರುತ್ತದೆ, ಹುಲ್ಲೂ ಅದರೊಂದಿಗೆ ಏರಿರುತ್ತದೆ. ಲಾನ್ ಸಮವಾಗುವ ವೇಗ ಎಷ್ಟು ಎಂಬುದನ್ನು ತೀರ್ಮಾನಿಸುವುದು ಹುಲ್ಲು, ಗಾಡಿಯಲ್ಲಿ ಬಂದ ಮಣ್ಣಲ್ಲ.

ಆದ್ದರಿಂದ ಒಂದು ಸಲಕ್ಕೆ ಅರ್ಧದಿಂದ ಒಂದು ಸೆಂ.ಮೀ. ದಪ್ಪ ಹಾಕಿದರೆ ಸಾಕು. ಹಾಕಿದ್ದು ಪೂರ್ತಿ ಮರೆಯಾಗುವಷ್ಟು ಹುಲ್ಲು ಬೆಳೆದ ಮೇಲೆ, ಅಂದರೆ ಚೆನ್ನಾಗಿ ಬೆಳೆಯುವ ಕಾಲದಲ್ಲಿ ಸುಮಾರು 4ರಿಂದ 6 ವಾರ ಬಿಟ್ಟು, ಇನ್ನೊಂದು ಪದರ. ಲೆಕ್ಕ ಸುಲಭ: 100 ಚದರ ಮೀಟರಿಗೆ 1 ಸೆಂ.ಮೀ. ದಪ್ಪ ಹರಡಲು ಸರಿಯಾಗಿ 1 ಘನ ಮೀಟರ್ ಬೇಕು. ಮರಳಾದರೆ ಅದರ ತೂಕ ಒಂದೂವರೆ ಟನ್ನಿನ ಆಸುಪಾಸು. ಇಡೀ ಲಾನಿಗೆ ಹರಡುವ ಮೊದಲು ಈ ಲೆಕ್ಕ ಮಾಡಿದರೆ, ತಗ್ಗಿರುವ ಕಡೆ ಮಾತ್ರ ತುಂಬಿದರೆ ಸಾಲದೇ ಎಂಬ ವಿವೇಕ ತಾನಾಗಿ ಬರುತ್ತದೆ.

ಏನು ಹಾಕಬೇಕು? ಬರೀ ಕಾಂಪೋಸ್ಟ್ ಹಾಕಿದರೆ ಹುಲ್ಲು ಹುಲುಸಾಗಿ ಬರುತ್ತದೆ ನಿಜ, ಆದರೆ ಅದು ಕಳಿಯುತ್ತಾ ಕುಗ್ಗಿ ತಗ್ಗು ಮತ್ತೆ ಕಾಣಿಸಿಕೊಳ್ಳುತ್ತದೆ. ಬರೀ ಜೇಡಿಮಣ್ಣು ಹಾಕಿದರೆ ಮೇಲೆ ಹೆಪ್ಪುಗಟ್ಟಿ ಬಿರುಕು ಬಿಡುತ್ತದೆ. ಮೂರು ಪಾಲು ಮರಳು, ಮೂರು ಪಾಲು ಜರಡಿ ಹಿಡಿದ ತೋಟದ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಸೇರಿಸಿದ ಮಿಶ್ರಣ ಹೆಚ್ಚಿನ ಕಡೆ ಹೊಂದುತ್ತದೆ. ನಿಮ್ಮ ನೆಲ ಮರಳುಮರಳಾಗಿದ್ದರೆ ಮರಳಿನ ಪಾಲು ಇಳಿಸಿ, ಮಣ್ಣು ಹೆಚ್ಚಿಸಿ. ಮರಳಿನ ಕಾಳು ಹೆಚ್ಚಾಗಿ ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಗಾತ್ರದ್ದಿರಲಿ. ತೀರಾ ನುಣುಪಾದ, ಧೂಳು ಬೆರೆತ ಮರಳು ಒದ್ದೆಯಾಗಿ ಒಣಗಿದರೆ ಗಟ್ಟಿಯಾಗುತ್ತದೆ. ಸಮುದ್ರದ ಮರಳಿನಲ್ಲಿ ಉಪ್ಪಿರುತ್ತದೆ. ಮೇಲೆ ಹಾಕುವ ಪದರ ಕೆಳಗಿನ ಮಣ್ಣಿಗಿಂತ ನುಣುಪಾಗಿದ್ದರೆ ಇನ್ನೊಂದು ತೊಂದರೆ ಇದೆ. ಸಣ್ಣ ರಂಧ್ರಗಳು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ, ಮೇಲಿನ ಪದರ ಪೂರ್ತಿ ನೆನೆದು ತುಂಬುವವರೆಗೆ ನೀರು ಕೆಳಗಿನ ಒರಟು ಪದರಕ್ಕೆ ಇಳಿಯುವುದಿಲ್ಲ. ಬೇರುಗಳು ಮೇಲಿನ ತೇವದಲ್ಲೇ ಸುಳಿದಾಡಿ ಆಳಕ್ಕೆ ಹೋಗುವುದನ್ನು ಬಿಡುತ್ತವೆ.

ತರಿಸಿದ ಮಣ್ಣನ್ನು 5–6 ಮಿ.ಮೀ. ಜರಡಿಯಲ್ಲಿ ಹಾಯಿಸಿ. ಕಲ್ಲು ಮೂವರಿನ ಬ್ಲೇಡನ್ನು ಕೆಡಿಸುತ್ತದೆ ಎಂಬುದಕ್ಕಿಂತ ದೊಡ್ಡ ಕಾರಣ ಕೊನ್ನಾರಿ ಗಡ್ಡೆ. ಒಂದೆರಡು ಗಡ್ಡೆ ಮಣ್ಣಿನೊಂದಿಗೆ ಬಂದರೂ ಸಾಕು, ಆ ಕಳೆಯನ್ನು ಮತ್ತೆ ಲಾನಿನಿಂದ ಓಡಿಸುವುದು ತಗ್ಗು ತುಂಬುವುದಕ್ಕಿಂತ ಕಷ್ಟ.

ಹರಡುವ ದಿನ ಹುಲ್ಲೂ ಮಿಶ್ರಣವೂ ಒಣಗಿರಬೇಕು. ಮೊದಲು ಹುಲ್ಲನ್ನು ಎಂದಿಗಿಂತ ತುಸು ಗಿಡ್ಡವಾಗಿ ಕತ್ತರಿಸಿ, ಒಣ ಕಸವನ್ನು ರೇಕಿನಿಂದ ಎಳೆದು ತೆಗೆಯಿರಿ. ನೆಲ ಗಟ್ಟಿಯಾಗಿದ್ದರೆ ಟೊಳ್ಳು ಹಲ್ಲಿನ ಯಂತ್ರದಿಂದ 5ರಿಂದ 8 ಸೆಂ.ಮೀ. ಆಳದ ತೂತು ಹೊಡೆಯಿರಿ. ಅದು ಮಣ್ಣಿನ ತುಂಡನ್ನು ಹೊರಗೆ ತೆಗೆಯುತ್ತದೆ. ಬರೀ ಮೊಳೆ ಚುಚ್ಚಿದರೆ ತೂತಿನ ಸುತ್ತಲ ಮಣ್ಣು ಇನ್ನಷ್ಟು ಒತ್ತಿಕೊಳ್ಳುತ್ತದೆ. ಮಿಶ್ರಣವನ್ನು ಬಾಂಡ್ಲಿಯಿಂದ ಅಲ್ಲಲ್ಲಿ ಸಣ್ಣ ಗುಪ್ಪೆಯಾಗಿ ಹಾಕಿ, ರೇಕಿನ ಬೆನ್ನಿನಿಂದ ಅಥವಾ ಅಗಲವಾದ ಹಲಗೆಯಿಂದ ಎಲ್ಲ ದಿಕ್ಕಿಗೂ ಎಳೆಯಿರಿ. ಹಲಗೆ ಉಬ್ಬಿನ ಮೇಲೆ ಜಾರಿ, ಮಿಶ್ರಣವನ್ನು ತಗ್ಗಿನಲ್ಲಿ ಬಿಟ್ಟು ಹೋಗುತ್ತದೆ. ಕೊನೆಗೆ ಬಿರುಸಾದ ಪೊರಕೆಯಿಂದ ಗುಡಿಸಿದರೆ ಬಾಗಿದ ಎಲೆಗಳು ಎದ್ದು ನಿಲ್ಲುತ್ತವೆ. ಬಗ್ಗಿ ನೋಡಿ: ಮರಳಿನ ನಡುವೆ ಹಸಿರು ತುದಿಗಳು ಒತ್ತಾಗಿ ಕಾಣಬೇಕು. ಎಲ್ಲಾದರೂ ಅಂಗೈಯಗಲದಷ್ಟು ಜಾಗದಲ್ಲಿ ಹಸಿರೇ ಕಾಣದಿದ್ದರೆ ಅಲ್ಲಿಂದ ತೆಗೆದು ಪಕ್ಕಕ್ಕೆ ಹರಡಿ. ಆಮೇಲೆ ಹನಿಹನಿಯಾಗಿ ನೀರು ಕೊಡಿ. ಪೈಪಿನ ಜೋರು ಧಾರೆ ಬಿಟ್ಟರೆ ಹಾಕಿದ್ದೆಲ್ಲ ಕೊಚ್ಚಿಹೋಗಿ ಒಂದೆಡೆ ಸೇರುತ್ತದೆ. ಮರುದಿನ ಅಲ್ಲಲ್ಲಿ ಇಳಿದಿರುತ್ತದೆ, ಅದಕ್ಕೆ ಒಂದು ಹಿಡಿ ಸೇರಿಸಿದರಾಯಿತು. ಎರಡು ವಾರ ಓಡಾಟ ಕಡಿಮೆ ಇರಲಿ. ಮರಳು ಬ್ಲೇಡನ್ನು ಮೊಂಡು ಮಾಡುವುದರಿಂದ ಮೊದಲ ಸಲ ಎತ್ತರಕ್ಕೆ ಇಟ್ಟು ಕತ್ತರಿಸಿ, ಆಮೇಲೆ ಬ್ಲೇಡು ಮಸೆಯಿರಿ.

ಇದನ್ನೆಲ್ಲ ಮಾಡುವ ಕಾಲ ಹುಲ್ಲಿನ ಜಾತಿಯ ಮೇಲೆ ನಿಂತಿದೆ. ಗರಿಕೆ, ಜೋಯ್ಸಿಯಾಗಳಂಥ ಬೆಚ್ಚನೆಯ ಹವೆಯ ಹುಲ್ಲಿಗೆ ಬೇಸಿಗೆಯ ಬೆಳವಣಿಗೆ ಶುರುವಾದಾಗ. ಫೆಸ್ಕ್ಯೂ, ರೈ ಹುಲ್ಲಿನಂಥ ತಂಪು ಹವೆಯವಕ್ಕೆ ಶರತ್ಕಾಲದ ಆರಂಭದಲ್ಲಿ ಅಥವಾ ವಸಂತದಲ್ಲಿ. ಇವುಗಳಲ್ಲಿ ರೈ ಹುಲ್ಲು ಮತ್ತು ಫೆಸ್ಕ್ಯೂನ ಹಲವು ಬಗೆಗಳು ಹಬ್ಬುವುದಿಲ್ಲ, ಗುಪ್ಪೆಯಾಗಿ ಬೆಳೆಯುತ್ತವೆ. ಹಾಗಾಗಿ ಅವುಗಳಿಗೆ ಪದರ ಹಾಕಿದ ಮೇಲೆ ಬೀಜವನ್ನೂ ಎರಚಬೇಕು.

ಆಳವಾದ ಗುಂಡಿಗೆ ಬೇರೆಯದೇ ಕ್ರಮ. ಹಿಂದಿನ ದಿನ ನೀರು ಕೊಟ್ಟು ನೆಲ ಮೆದು ಮಾಡಿ. ಗುಂಡಿಯ ಮೇಲೆ ಚೂಪಾದ ಸನಿಕೆಯಿಂದ ನಡುವೆ ಒಂದು ಉದ್ದ ಗೀರು, ಅದರ ಎರಡು ತುದಿಗೆ ಅಡ್ಡ ಗೀರು ಹಾಕಿ. ಹುಲ್ಲಿನ ಅಡಿಗೆ 4–5 ಸೆಂ.ಮೀ. ಆಳದಲ್ಲಿ ಸನಿಕೆಯನ್ನು ಅಡ್ಡಡ್ಡ ತೂರಿಸಿ, ಬೇರುಗಳು ಕಟ್ಟಿಹಿಡಿದ ಮಣ್ಣಿನ ಸಮೇತ ಎರಡು ಬಾಗಿಲಂತೆ ಎರಡು ಕಡೆಗೆ ಮಗುಚಿ. ತೆರೆದ ತಳವನ್ನು ಕೆದಕಿ ಸಡಿಲಿಸಿ, ನೆಲದ ಮಣ್ಣಿಗೆ ಹೋಲುವ ಮಣ್ಣನ್ನೇ 5 ಸೆಂ.ಮೀ.ಗೊಮ್ಮೆ ತುಂಬುತ್ತಾ ಹಿಮ್ಮಡಿಯಿಂದ ತುಳಿಯುತ್ತಾ ಬನ್ನಿ. ಮಗುಚಿದ್ದನ್ನು ಹಾಸಿದಾಗ ಸುತ್ತಲಿನ ನೆಲಕ್ಕಿಂತ ಒಂದು ಸೆಂ.ಮೀ.ನಷ್ಟು ಎತ್ತರ ನಿಂತರೆ ಸರಿಯಾಗಿದೆ, ಅದು ಇಳಿಯುತ್ತದೆ. ಗೀರುಗಳಿಗೆ ಮಿಶ್ರಣ ತುಂಬದೆ ಬಿಟ್ಟರೆ ಅಂಚುಗಳು ಒಣಗಿ ಕಂದು ಗೆರೆಯಾಗಿ ಉಳಿಯುತ್ತವೆ. ಉಬ್ಬಿಗೂ ಇದೇ ಕ್ರಮ, ತುಂಬುವ ಬದಲು ಮಣ್ಣು ತೆಗೆಯಬೇಕು ಅಷ್ಟೆ. ಉಬ್ಬಿನ ಮೇಲೆ ಭಾರದ ರೋಲರ್ ಉರುಳಿಸಿ ಅಮುಕುವ ಉಪಾಯ ಎಷ್ಟು ಜನಪ್ರಿಯವೋ ಅಷ್ಟೇ ಕೆಟ್ಟದ್ದು. ಮಣ್ಣಿನ ಕಾಳುಗಳ ನಡುವಿನ ಗಾಳಿಯ ಜಾಗ ಮುಚ್ಚಿ ಬೇರು ಉಸಿರುಗಟ್ಟುತ್ತದೆ, ಉಬ್ಬು ಮಾತ್ರ ಅಲ್ಲೇ ಇರುತ್ತದೆ.

ಸಮವಾದ ಲಾನನ್ನು ಉಳಿಸಿಕೊಳ್ಳುವುದು ಬಹುಪಾಲು ಕತ್ತರಿಸುವ ರೀತಿಯಲ್ಲಿದೆ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. 3 ಸೆಂ.ಮೀ. ಇರಬೇಕಾದ ಹುಲ್ಲನ್ನು ನಾಲ್ಕೂವರೆ ತಲುಪುವಷ್ಟರಲ್ಲಿ ಕತ್ತರಿಸಿ. ಹೆಚ್ಚು ತೆಗೆದರೆ ಹುಲ್ಲು ಬೇರಿನ ಬೆಳವಣಿಗೆ ನಿಲ್ಲಿಸಿ ಎಲೆಗೆ ಶಕ್ತಿ ಹಾಕುತ್ತದೆ. ಕತ್ತರಿಸಿದ ಚೂರು ಸಣ್ಣದಿದ್ದರೆ ಅಲ್ಲೇ ಬಿಡಿ, ಅದರ ಸಾರಜನಕ ಮಣ್ಣಿಗೆ ಮರಳುತ್ತದೆ. ನೆಲದ ಮೇಲೆ ಕಟ್ಟುವ ನಾರಿನ ಪದರಕ್ಕೆ ಆ ಚೂರುಗಳು ಕಾರಣವಲ್ಲ, ಬೇಗ ಕಳಿಯದ ಕಾಂಡ ಮತ್ತು ಬೇರು ಕಾರಣ. ಆ ಪದರ ಒಂದೂಕಾಲು ಸೆಂ.ಮೀ. ಮೀರಿದರೆ ಮಾತ್ರ ಕೆರೆದು ತೆಗೆಯಬೇಕು.

ನೀರು ವಾರಕ್ಕೆ ಮಳೆಯೂ ಸೇರಿ ಸುಮಾರು 25 ಮಿ.ಮೀ., ಅಂದರೆ ಚದರ ಮೀಟರಿಗೆ 25 ಲೀಟರ್. ಅದನ್ನು ಎರಡು ಸಲಕ್ಕೆ ಹಂಚಿ ಬೆಳಗಿನ ಹೊತ್ತು ಕೊಡಿ. ಸಂಜೆ ಕೊಟ್ಟರೆ ಎಲೆ ರಾತ್ರಿಯಿಡೀ ಒದ್ದೆಯಿದ್ದು ಶಿಲೀಂಧ್ರಕ್ಕೆ ಅನುಕೂಲ. ನಡೆದ ಹೆಜ್ಜೆಯ ಗುರುತು ಹುಲ್ಲಿನ ಮೇಲೆ ಹಾಗೇ ಉಳಿದರೆ ನೀರು ಬೇಕಾಗಿದೆ ಎಂದರ್ಥ. ಸಾರಜನಕ ಒಂದು ಸಲಕ್ಕೆ ಚದರ ಮೀಟರಿಗೆ 5 ಗ್ರಾಂ ಮೀರದಿರಲಿ. ಯೂರಿಯಾದಲ್ಲಿ ಅದು 46% ಇರುವುದರಿಂದ 11 ಗ್ರಾಂ ಯೂರಿಯಾ ಆಯಿತು. ಒಣಗಿದ ಎಲೆಯ ಮೇಲೆ ಎರಚಿ ಕೂಡಲೇ ನೀರು ಹಾಯಿಸದಿದ್ದರೆ ಒಂದಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಹರಳು ಬಿದ್ದಲ್ಲಿ ಹುಲ್ಲು ಸುಡುತ್ತದೆ.

ಇಷ್ಟೆಲ್ಲ ಮಾಡಿಯೂ ವರ್ಷದೊಳಗೆ ಅದೇ ಜಾಗ ಮತ್ತೆ ತಗ್ಗಿದರೆ ಇನ್ನೊಂದು ಪದರ ಹಾಕಬೇಡಿ. ಹುಲ್ಲು ಮಗುಚಿ ಮೊಣಕೈ ಆಳ ಅಗೆದು ನೋಡಿ. ಮಣ್ಣು ಕೆಸರಾಗಿದ್ದು ಸುತ್ತ ಒಣಗಿದ್ದರೆ ಪೈಪು ಸೋರುತ್ತಿರಬಹುದು. ಪುಡಿಪುಡಿಯಾದ ಮರ ಸಿಕ್ಕರೆ ಗಟ್ಟಿ ಮಣ್ಣು ಬರುವವರೆಗೆ ಅದನ್ನು ಪೂರ್ತಿ ತೆಗೆದು, ಕಲ್ಲಿಲ್ಲದ ಮಣ್ಣನ್ನು ಪದರಪದರವಾಗಿ ತುಳಿದು ತುಂಬಿ, ಆಮೇಲೆ ಹುಲ್ಲು ಮುಚ್ಚಿ.