ಡಿಶ್‌ನಲ್ಲಿ ಸತ್ತ ಕೋಶ, ರಕ್ತ ಸೇರದ ಅರಿಶಿನ

ಆಹಾರಕ್ಕೆ ಹಾಕುವ ಸಸ್ಯದ ಬಣ್ಣಗಳು ಲ್ಯಾಬಿನ ಡಿಶ್‌ನಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶ ಕೊಲ್ಲುತ್ತವೆ ಅನ್ನುವ ಸಂಶೋಧನಾ ಪೇಪರ್ ಕೈಗೆ ಬಂದರೆ ಎಲ್ಲರೂ ಮೊದಲು ಐಸಿ50 ಹುಡುಕುತ್ತಾರೆ. ಕೋಶಗಳನ್ನು ಅರ್ಧಕ್ಕೆ ಇಳಿಸಲು ಎಷ್ಟು ಸಾರ ಬೇಕಾಯಿತು ಅನ್ನುವ ಲೆಕ್ಕ ಅದು. ಅಂಕಿ ಕಡಿಮೆ ಇದ್ದಷ್ಟೂ ಸಾರಕ್ಕೆ ಶಕ್ತಿ ಜಾಸ್ತಿ. ಆದರೆ ಅದು ಬಂದದ್ದು ಹೇಗೆ ಅಂತ ನೋಡಲೇಬೇಕು.

ಸಾಮಾನ್ಯವಾಗಿ ಮಾಡುವುದು ಎಂಟಿಟಿ ಪರೀಕ್ಷೆ. ಕೋಶ ಬೆಳೆಸಿ ಸಾರ ಹಾಕಿದ 96 ಗುಳಿಗಳ ಪ್ಲೇಟಿಗೆ ಎಂಟಿಟಿ ಅನ್ನುವ ಹಳದಿ ರಾಸಾಯನಿಕ ಹಾಕುತ್ತೇವೆ, ಬದುಕಿರುವ ಕೋಶ ಅದನ್ನು ನೇರಳೆ ಹರಳು ಮಾಡುತ್ತದೆ, ಹರಳನ್ನು ಕರಗಿಸಿ ಅದು ಎಷ್ಟು ಬೆಳಕು ಹೀರುತ್ತದೆ ಅಂತ 570 ನ್ಯಾನೋಮೀಟರ್ ಹತ್ತಿರ ಓದುತ್ತೇವೆ. ಈಗ ಗುಳಿಯಲ್ಲಿರುವುದೇ ಬೀಟ್‌ರೂಟ್ ಸಾರ ಅಂದುಕೊಳ್ಳಿ. ಅದರ ಕೆಂಪು ಬಣ್ಣವಾದ ಬೆಟಾನಿನ್ 535ರ ಸುತ್ತ ಬೆಳಕು ಹೀರುತ್ತದೆ, 570ಕ್ಕೆ ಪಕ್ಕದಲ್ಲೇ ಅಲ್ವಾ? ಸಾಲದ್ದಕ್ಕೆ ಆಂಟಿಆಕ್ಸಿಡೆಂಟ್‌ಗಳು ಕೋಶವೇ ಇಲ್ಲದೆಯೂ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ಸತ್ತ ಕೋಶವೂ ಬದುಕಿದ ಹಾಗೆ ಕಾಣುತ್ತದೆ. ಅದಕ್ಕೇ ಬರೀ ಸಾರ ಮತ್ತು ಎಂಟಿಟಿ ಇರುವ, ಕೋಶ ಹಾಕದ ಗುಳಿಗಳು ಬೇಕು. ನಾನು ಮೊದಲ ಸಲ ಅವನ್ನು ಬಿಟ್ಟು, ಇಡೀ ಪ್ಲೇಟ್ ಮತ್ತೆ ಮಾಡಬೇಕಾಯಿತು. ಜೊತೆಗೆ ಆರೋಗ್ಯವಂತ ಕೋಶಗಳ ಮೇಲೂ ಅದೇ ಸಾರ ಹಾಕಿದ್ದಾರಾ ನೋಡಿ. ಎಲ್ಲವನ್ನೂ ಕೊಲ್ಲುವುದು ಸುಮ್ನೆ ವಿಷ.

ಇನ್ನು ಅರಿಶಿನ. ಆರತಿ ನೀರಿಗೆ ಸುಣ್ಣ ಬಿದ್ದ ತಕ್ಷಣ ಹಳದಿ ಕೆಂಪಾಗುತ್ತದಲ್ಲ, ಅದು ಅರಿಶಿನದ ಹಳದಿ ಬಣ್ಣವಾದ ಕರ್ಕ್ಯುಮಿನ್ ಕ್ಷಾರ ತಾಗಿ ಬದಲಾಗುವುದು. ಅಷ್ಟು ಸೂಕ್ಷ್ಮ ವಸ್ತು ಅದು. ಸೀರಂ (ರಕ್ತದ ತಿಳಿ ದ್ರವ) ಇಲ್ಲದ, 7.2 ಪಿಎಚ್‌ನ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) 37 ಡಿಗ್ರಿಗೆ ಇಟ್ಟರೆ ಅರ್ಧ ಗಂಟೆಯಲ್ಲಿ ಸುಮಾರು ಶೇ. 90 ಭಾಗ ಒಡೆದುಹೋಗುತ್ತದೆ. ಡಿಶ್‌ನಲ್ಲಿ 10 ಮೈಕ್ರೋಮೋಲಾರ್ ಕರ್ಕ್ಯುಮಿನ್ ಹಾಕಿದರೆ ಮಿಲಿಲೀಟರ್‌ಗೆ ಸುಮಾರು 3,700 ನ್ಯಾನೋಗ್ರಾಂ. 2008ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಇದ್ದವರಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟರೂ ರಕ್ತದಲ್ಲಿ ಸಿಕ್ಕಿದ್ದು ಹೆಚ್ಚೆಂದರೆ ಮಿಲಿಲೀಟರ್‌ಗೆ 22ರಿಂದ 41 ನ್ಯಾನೋಗ್ರಾಂ, ಅಂದರೆ ಡಿಶ್‌ನ ನೂರರಲ್ಲಿ ಒಂದು ಪಾಲಿನ ಆಸುಪಾಸು. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಶೇ. 3ರಷ್ಟು ಅಂತ ಹಿಡಿದರೆ, ಆ 8 ಗ್ರಾಂಗೆ ಕಾಲು ಕಿಲೋಗಿಂತ ಜಾಸ್ತಿ ಪುಡಿ ಬೇಕು. ಸಾರಿಗೆ ಹಾಕುವ ಚಿಟಿಕೆ ಎಲ್ಲಿ, ಇದೆಲ್ಲಿ!

ಕಾಳುಮೆಣಸು ಸೇರಿಸಿದರೆ? ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲೇ ನೋಡಿದ್ದಾರೆ. 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಖಾರದ ಅಂಶವಾದ ಪೈಪರೀನ್ 20 ಮಿಲಿಗ್ರಾಂ ಕೊಟ್ಟಾಗ ದೇಹಕ್ಕೆ ದಕ್ಕುವುದು 20 ಪಟ್ಟು ಏರಿತು. ನನಗೆ ತುಂಬಾ ಇಷ್ಟವಾದ ಕೆಲಸ ಅದು. ಆದರೆ ಪೈಪರೀನ್ ಲಿವರ್‌ನ ಕೆಲವು ಎಂಜೈಮ್‌ಗಳನ್ನು ತಡೆಯುತ್ತದೆ, ಅವೇ ಎಂಜೈಮ್‌ಗಳು ಬೇರೆ ಔಷಧಗಳನ್ನೂ ಒಡೆಯುತ್ತವೆ. ಹಾಗಾಗಿ ಕೀಮೋ ತಗೊಳ್ಳುತ್ತಿರುವವರು ಈ ಜೋಡಿ ಮಾತ್ರೆಯನ್ನು ವೈದ್ಯರಿಗೆ ಹೇಳದೆ ಮುಟ್ಟಬಾರದು.